ಬೆಳಗಿನ ಜಾವ ಬಾಯಿ ತೆರೆಯುವ ಮೀನು: ತಜ್ಞರ ಉತ್ತರ

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನಲ್ಲಿ ಒಂದು ಎಕರೆ ಹೊಂಡದಲ್ಲಿ ಕಾಟ್ಲಾ, ರೋಹು, ಗೆಂಡೆ ಸಾಕಿದ್ದೇನೆ. ಎರಡು ದಿನ ಮೋಡ ಮುಚ್ಚಿತ್ತು. ಮೂರನೆಯ ದಿನ ನಸುಕಿನಲ್ಲಿ ಮೀನುಗಳೆಲ್ಲ ಮೇಲೆ ಬಂದು ಗಾಳಿ ನುಂಗುತ್ತಿದ್ದವು; ದಪ್ಪ ಕಾಟ್ಲಾಗಳು ಸತ್ತವು. ಯಾರಾದರೂ ವಿಷ ಬೆರೆಸಿರಬಹುದೇ? ಆಮ್ಲಜನಕದ ಮಾತ್ರೆ ಹಾಕಲೇ?

ಉತ್ತರ: ಮುಂಗಾರು ಕಾಲಿಟ್ಟ ಕೂಡಲೇ ಈ ಪ್ರಶ್ನೆ ಬರುತ್ತದೆ, ಅದರ ಬೆನ್ನಿಗೇ ಪಕ್ಕದ ಹೊಲದವರ ಮೇಲಿನ ಅನುಮಾನವೂ ಬರುತ್ತದೆ. ಠಾಣೆಗೆ ಹೋಗುವ ಮುನ್ನ ಸತ್ತ ಮೀನುಗಳನ್ನು ನೋಡಿ. ವಿಷವಾದರೆ ಸಾಮಾನ್ಯವಾಗಿ ಮರಿಗಳು ಮೊದಲು ಸಾಯುತ್ತವೆ, ಅದಕ್ಕೆ ಹೊತ್ತುಗೊತ್ತಿಲ್ಲ. ಉಸಿರು ಕಟ್ಟಿದರೆ ದಪ್ಪ ಮೀನುಗಳೇ ಮೊದಲು, ಅದೂ ಸೂರ್ಯ ಹುಟ್ಟುವ ಮುಂಚೆ. ನಿಮ್ಮದು ಎರಡನೆಯದು.

ಹಸಿರು ನೀರನ್ನು ಕಂಡು ಹಿಗ್ಗುವವರು ಮರೆಯುವುದೇನೆಂದರೆ, ಹಗಲಿನಲ್ಲಿ ಆಮ್ಲಜನಕ ಕೊಡುವ ಆ ಸೂಕ್ಷ್ಮ ಪಾಚಿಯೇ ರಾತ್ರಿಯಿಡೀ ಮೀನಿನೊಡನೆ ಪಾಲಿಗೆ ನಿಂತು ಅದನ್ನು ಉಸಿರಾಡುತ್ತದೆ. ತಳದಲ್ಲಿ ಕೊಳೆಯುವ ತೌಡು, ಶೇಂಗಾ ಹಿಂಡಿಯ ಪಾಲು ಬೇರೆ. ಮೋಡದ ದಿನ ಉತ್ಪತ್ತಿ ಕುಸಿಯುತ್ತದೆ, ಬಳಕೆ ಕುಸಿಯುವುದಿಲ್ಲ. 20 ಡಿಗ್ರಿಯ ನೀರು ಗಾಳಿಯಿಂದ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಹಿಡಿಯುವುದು ಸುಮಾರು 7.5 ಮಾತ್ರ, ಆದರೆ ಅದೇ ಬಿಸಿಯಲ್ಲಿ ಮೀನಿನ ಅಗತ್ಯ ಏರಿರುತ್ತದೆ. 5ಕ್ಕಿಂತ ಮೇಲಿದ್ದರೆ ಕ್ಷೇಮ, 3ಕ್ಕಿಂತ ಕೆಳಗೆ ಸಂಕಟ, 1ಕ್ಕಿಂತ ಕೆಳಗಿಳಿದರೆ ಕಾಟ್ಲಾ ಹೆಚ್ಚು ಹೊತ್ತು ಬದುಕದು.

ಮೀನು ಸುಮ್ಮನೆ ಶರಣಾಗುವುದೂ ಇಲ್ಲ. ಮೊದಲು ಮೇವು, ಓಡಾಟ ಎರಡನ್ನೂ ತಗ್ಗಿಸುತ್ತದೆ. ಕಿವಿರಿನ ಮುಚ್ಚಳವನ್ನು ಬೇಗಬೇಗ ಬಡಿದು ಹೆಚ್ಚು ನೀರು ಹಾಯಿಸುತ್ತದೆ. ಹೃದಯದ ಬಡಿತ ನಿಧಾನವಾಗುತ್ತದೆ. ಅದೂ ಸಾಲದಾದಾಗ ಮೇಲೆ ಬರುತ್ತದೆ. ಅದು ಮುಖ್ಯವಾಗಿ ಒಳಗೆಳೆದುಕೊಳ್ಳುವುದು ಗಾಳಿಯನ್ನಲ್ಲ, ಗಾಳಿಗೆ ತಾಗಿಕೊಂಡು ಆಮ್ಲಜನಕ ಉಳಿಸಿಕೊಂಡಿರುವ ಕೆಲವೇ ಮಿಲಿಮೀಟರ್ ದಪ್ಪದ ನೀರಿನ ಪದರವನ್ನು. ಯುರೋಪಿನ ಕ್ರೂಷಿಯನ್ ಗೆಂಡೆಯಂತೂ ಕಿವಿರಿನ ಎಳೆಗಳ ನಡುವೆ ತುಂಬಿದ ಜೀವಕೋಶಗಳನ್ನು ಇಳಿಸಿ ಉಸಿರಾಟದ ಮೈ ಹಿಗ್ಗಿಸಿಕೊಳ್ಳುತ್ತದೆ, ಆಮ್ಲಜನಕವೇ ಇಲ್ಲದಾಗ ದೇಹದಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ನನ್ನು ಆಲ್ಕೋಹಾಲಾಗಿಸಿ ಕಿವಿರಿನಿಂದ ಹೊರಹಾಕುತ್ತಾ ಬದುಕುತ್ತದೆ. ಅದು ಹಿಮದಡಿಯ ತಣ್ಣೀರಿನ ಮಾತು. ನಿಮ್ಮ ರೋಹುವಿಗೆ ಆ ವರವಿಲ್ಲ.

ಮಾತ್ರೆಯ ಲೆಕ್ಕ ಕೇಳಿ. ಒಂದೂವರೆ ಮೀಟರ್ ಆಳದ ಒಂದು ಎಕರೆ ಹೊಂಡದಲ್ಲಿ ಸುಮಾರು 60 ಲಕ್ಷ ಲೀಟರ್ ನೀರಿರುತ್ತದೆ. ಲೀಟರಿಗೆ ಒಂದೇ ಮಿಲಿಗ್ರಾಂ ಏರಿಸಲು 6 ಕೆ.ಜಿ. ಆಮ್ಲಜನಕ ಬೇಕು, ಅಂದರೆ ತೂಕದ ಸುಮಾರು ಶೇ. 13ರಷ್ಟು ಆಮ್ಲಜನಕ ಕೊಡುವ ಸೋಡಿಯಂ ಪರ್ಕಾರ್ಬೊನೇಟ್ (ಈ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ರಾಸಾಯನಿಕ) 45 ಕೆ.ಜಿ.ಯಷ್ಟು ಬೇಕು. ಅರ್ಧ ಕಿಲೋ ಪೊಟ್ಟಣ ಮಾರುವವರು ಈ ಲೆಕ್ಕ ಹೇಳುವುದಿಲ್ಲ.

ಈಗಲೇ ಮೇವು, ಸಗಣಿ ನಿಲ್ಲಿಸಿ. ಸೂಳೆಕೆರೆಯಂಥ ದೊಡ್ಡ ಕೆರೆಯ ವಿಸ್ತಾರದಲ್ಲಿ ನೀರಿಗೆ ಗಾಳಿ ಬೆರೆಸಲು ಅಲೆಗಳು ಮಾಡುವ ಕೆಲಸವನ್ನು ಏರಿಯ ಮರೆಯಲ್ಲಿರುವ ನಿಮ್ಮ ಹೊಂಡದಲ್ಲಿ ಪಂಪೇ ಮಾಡಬೇಕು: ಹೊಂಡದ ನೀರನ್ನೇ ಎತ್ತಿ, ಚಿಮ್ಮಿಸಿ, ನಡುರಾತ್ರಿಯಿಂದ ಬಿಸಿಲು ಏರುವವರೆಗೆ ಬೀಳಿಸುತ್ತಿರಿ. ಬೋರ್‌ವೆಲ್ ನೀರಾದರೆ ಪೈಪನ್ನು ಮುಳುಗಿಸಬೇಡಿ. ಅದರಲ್ಲಿ ಆಮ್ಲಜನಕ ಕಡಿಮೆ ಇರುವುದೇ ಹೆಚ್ಚು, ಎತ್ತರದಿಂದ ಸಿಡಿಯುತ್ತಾ ಬೀಳಲಿ. ರಾತ್ರಿ ತ್ರೀಫೇಸ್ ಕರೆಂಟ್ ನಂಬಿ ಎಕರೆಗಟ್ಟಲೆ ಮರಿ ಬಿಡುವವರು ಡೀಸೆಲ್ ಪಂಪು ಇಟ್ಟುಕೊಳ್ಳಲಿ, ಇಲ್ಲವೇ ಮರಿಗಳ ಸಂಖ್ಯೆ ಇಳಿಸಲಿ. ನನ್ನ ಕೇಳಿದರೆ ಎರಡನೆಯದೇ ವಾಸಿ.

ಪ್ರಶ್ನೆ: ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದರೆ ಆಮ್ಲಜನಕ ಏರುತ್ತದಂತೆ, ನಿಜವೇ? (ಹಿರಿಯೂರು)

ಉತ್ತರ: ಏರುವುದಿಲ್ಲ. ಅದರಿಂದ ಪಾಚಿ ಸತ್ತು ಕೊಳೆತರೆ ಇದ್ದ ಆಮ್ಲಜನಕವೂ ಹೋಗುತ್ತದೆ.

ಪ್ರಶ್ನೆ: ಕೊರವ ಮೀನು ಬಕೆಟ್ಟಿನಲ್ಲಿ ಗಂಟೆಗಟ್ಟಲೆ ಬದುಕುತ್ತದಲ್ಲ? (ಹರಿಹರ)

ಉತ್ತರ: ಅದು ನಿಜವಾಗಿಯೇ ಗಾಳಿ ಉಸಿರಾಡುವ ಮೀನು, ಮೇಲೆ ಬರಲು ಬಿಡದಿದ್ದರೆ ನೀರಿನಲ್ಲೇ ಉಸಿರು ಕಟ್ಟಿ ಸಾಯುತ್ತದೆ.

ಪ್ರಶ್ನೆ: ಹಾಗಿದ್ದರೆ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಹುದೇ? (ಚಳ್ಳಕೆರೆ)

ಉತ್ತರ: ನಿಷೇಧವಿದೆ. ಮತ್ತೆ ಕೇಳಬೇಡಿ.