ಐದು ದಿನದ ರಜೆಯಲ್ಲಿ ಸ್ಕೀಯಿಂಗ್ ಕಲಿಯಬಹುದಾ?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ನೌಕರಿ ಮಾಡುತ್ತೇವೆ. ಶನಿವಾರ, ಭಾನುವಾರ ಸೇರಿಸಿದರೆ ಐದು ದಿನ ರಜೆ ಸಿಗುತ್ತದೆ. ಹಿಮದಲ್ಲಿ ಸ್ಕೀಯಿಂಗ್ ಕಲಿಯಬೇಕು ಅಂತ ಬಹಳ ದಿನದ ಆಸೆ. ಟ್ರಾವೆಲ್ಸ್‌ನವರೊಬ್ಬರು ಕ್ರಿಸ್‌ಮಸ್ ರಜೆಗೆ ಶ್ರೀನಗರ, ಗುಲ್ಮಾರ್ಗ್, ಸೋನಾಮಾರ್ಗ್, ಪಹಲ್ಗಾಮ್ ಎಲ್ಲಾ ಸೇರಿಸಿ ಪ್ಯಾಕೇಜ್ ಹೇಳಿದ್ದಾರೆ. ಒಪ್ಪಿಕೊಳ್ಳಬಹುದಾ?
– ಸಪ್ತಾಪುರ, ಧಾರವಾಡ

ಉತ್ತರ: ಆ ಪ್ಯಾಕೇಜ್ ಬೇಡ. ಐದು ದಿನಕ್ಕೆ ನಾಲ್ಕು ಊರು ಅಂದರೆ ಹಗಲೆಲ್ಲ ಕಾರಿನಲ್ಲೇ ಕಳೆಯುತ್ತದೆ, ಗುಲ್ಮಾರ್ಗ್‌ಗೆ ಉಳಿಯೋದು ಮೂರ್ನಾಲ್ಕು ತಾಸು. ಅಷ್ಟರಲ್ಲಿ ಯಾರೋ ಕಾಲಿಗೆ ಸ್ಕೀ ಅನ್ನುವ ಉದ್ದನೆ ಪಟ್ಟಿ ಕಟ್ಟಿ, ಕೈ ಹಿಡಿದು ಸ್ವಲ್ಪ ದೂರ ಜಾರಿಸಿ, ಫೋಟೋ ತೆಗೆದು ಕಳಿಸಿಬಿಡುತ್ತಾರೆ. ನಿಮಗೆ ಬೇಕಾಗಿದ್ದು ಕಲಿಯೋದು ಅಲ್ವಾ? ಹಾಗಾದರೆ ಗುಲ್ಮಾರ್ಗ್ ಒಂದನ್ನೇ ಹಿಡಿಯಿರಿ, ಎರಡು ರಾತ್ರಿ ಅಲ್ಲೇ ಇರಿ.

ಸ್ಕೀಯಿಂಗ್‌ಗೆ ಹೆಸರಾದ ಉತ್ತರಾಖಂಡದ ಔಲಿಯೂ ಚೆಂದ, ನಂದಾದೇವಿ ಶಿಖರ ಎದುರಿಗೇ ಕಾಣುತ್ತದೆ. ಆದರೆ ಋಷಿಕೇಶದಿಂದ ಜೋಶಿಮಠಕ್ಕೇ ಸುಮಾರು 250 ಕಿ.ಮೀ. ಬೆಟ್ಟದ ದಾರಿ, ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ. ಅಲ್ಲಿಂದ ಔಲಿಗಿದ್ದ ರೋಪ್‌ವೇ ಕೂಡ ಜೋಶಿಮಠದಲ್ಲಿ ನೆಲ ಕುಸಿದಾಗ, 2023ರ ಜನವರಿಯಲ್ಲಿ ನಿಂತಿತು. ಮನಾಲಿ ಹತ್ತಿರದ ಸೋಲಂಗ್‌ಗೂ ರಸ್ತೆಯಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ಗುಲ್ಮಾರ್ಗ್ ಶ್ರೀನಗರದಿಂದ 50 ಕಿ.ಮೀ. ಅಷ್ಟೇ. ಹುಬ್ಬಳ್ಳಿಯಿಂದ ದೆಹಲಿ ಮೇಲೆ ಅಥವಾ ಬೆಂಗಳೂರು ಮೇಲೆ ವಿಮಾನ ಹಿಡಿದು ಮೊದಲ ರಾತ್ರಿ ಶ್ರೀನಗರದಲ್ಲಿ ಉಳಿಯಿರಿ, ಮರುದಿನ ಬೆಳಿಗ್ಗೆ ಮೇಲೆ ಹೋಗಿ, ನಾಲ್ಕನೇ ದಿನ ಸಂಜೆ ಇಳಿದು ಬನ್ನಿ. ರೈಲಂತೂ ಐದು ದಿನಕ್ಕೆ ಆಗೋದಿಲ್ಲ.

ಕ್ರಿಸ್‌ಮಸ್ ಕೂಡ ಬಿಡಿ. ಕಾಶ್ಮೀರದವರು ಚಿಲ್ಲೈ ಕಲಾನ್ ಅನ್ನುವ 40 ದಿನದ ಕಡು ಚಳಿ ಶುರುವಾಗೋದೇ ಡಿಸೆಂಬರ್ 21ಕ್ಕೆ. ಚಳಿ ಇದೆ ಅಂದ ಮಾತ್ರಕ್ಕೆ ನೆಲದ ಮೇಲೆ ಹಿಮ ಇರುತ್ತದೆ ಅಂತಲ್ಲ. 2024ರ ಜನವರಿಯಲ್ಲಿ ತಿಂಗಳ ಕೊನೆಯವರೆಗೂ ಗುಲ್ಮಾರ್ಗ್ ಹುಲ್ಲು ಒಣಗಿ ಬೋಳಾಗಿತ್ತು, ಹೋದವರೆಲ್ಲ ಬೇಜಾರಾಗಿ ಬಂದರು. ಜನವರಿ ಕೊನೆಯಿಂದ ಫೆಬ್ರವರಿ ಪೂರ್ತಿ ಹೆಚ್ಚು ಭರವಸೆಯ ಕಾಲ. ಆದರೆ ಜೋರು ಹಿಮ ಬಿದ್ದ ದಿನ ಶ್ರೀನಗರದ ವಿಮಾನ ರದ್ದಾಗುತ್ತದೆ, ಅದಕ್ಕೆ ವಾಪಸ್ ಬಂದ ಮರುದಿನವೇ ತಪ್ಪಿಸಲಾಗದ ಕೆಲಸ ಇಟ್ಟುಕೊಳ್ಳಬೇಡಿ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿ ನೆನಪಿದೆಯಲ್ಲ, ದುಡ್ಡು ಕಟ್ಟುವ ಮುಂಚೆ ಅಲ್ಲಿನ ಸ್ಥಿತಿ ವಿಚಾರಿಸಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯೋದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಈಗ ಕಲಿಯೋ ವಿಷಯ. ಮೊದಲ ದಿನ ಗೊಂಡೊಲಾ, ಅಂದರೆ ಬೆಟ್ಟದ ಮೇಲಕ್ಕೆ ಒಯ್ಯುವ ರೋಪ್‌ವೇ, ಹತ್ತಲೇಬೇಡಿ. ಕೆಳಗಿನ ಇಳಿಜಾರೇ ನಿಮಗೆ ಬೇಕಾದಷ್ಟು. ತಾಸಿನ ಲೆಕ್ಕದಲ್ಲಿ ಅಲ್ಲ, ದಿನದ ಲೆಕ್ಕದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಗೊತ್ತು ಮಾಡಿ, ಬಾಡಿಗೆ ಮುಂಚೆಯೇ ಮಾತಾಡಿ. ಬೂಟು ಕೊಡುವಾಗ ನಿಮ್ಮ ತೂಕ ಕೇಳಬೇಕು, ಯಾಕಂದರೆ ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳುವ ಬಿಗಿತವನ್ನು ತೂಕ ನೋಡಿಯೇ ಹೊಂದಿಸೋದು. ಕೇಳದಿದ್ದರೆ ನೀವೇ ಹೇಳಿ, ಅದು ಮೊಣಕಾಲಿನ ಪ್ರಶ್ನೆ. ಕಾಲುಚೀಲ ಒಂದೇ ಜೊತೆ, ಉಣ್ಣೆಯದು. ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗೇ ಇರುತ್ತದೆ. ಥರ್ಮಲ್ ಹಾಕಿ, ಮೇಲಿನ ಕೋಟು ಗುಲ್ಮಾರ್ಗ್ ದಾರಿಯಲ್ಲಿ ಸಿಗುವ ತಂಗ್‌ಮಾರ್ಗ್ ಊರಿನಲ್ಲಿ ಬಾಡಿಗೆಗೆ ಸಿಗುತ್ತದೆ.

ಮೊದಲು ಕಲಿಸೋದು ಜಾರುತ್ತಿರುವಾಗ ವೇಗ ತಗ್ಗಿಸಿ ನಿಲ್ಲೋದನ್ನು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ಅಗಲ. ಭಯವಾದಾಗ ಎಲ್ಲರೂ ಹಿಂದಕ್ಕೆ ವಾಲುತ್ತಾರೆ, ಆಗಲೇ ಹಿಡಿತ ತಪ್ಪೋದು. ಮೊಣಕಾಲು ಬಗ್ಗಿಸಿ ಮುಂದಕ್ಕೆ ವಾಲಿ, ಮೊಣಕಾಲ ಕೆಳಗಿನ ಮೂಳೆ ಬೂಟಿಗೆ ಒತ್ತುತ್ತಿರಬೇಕು. ಬೀಳುವುದೇ ಆದರೆ ಪಕ್ಕಕ್ಕೆ ಬೀಳಿ. ಎರಡನೇ ದಿನ ಸಂಜೆಗೆ ನಿಮ್ಮಷ್ಟಕ್ಕೆ ನೀವೇ ಇಳಿದು, ತಿರುಗಿ, ನಿಂತರೆ ಆ ಖುಷಿ ನಾಲ್ಕು ಊರು ಸುತ್ತಿದರೂ ಸಿಗೋದಿಲ್ಲ.

ತೊಡೆಯನ್ನು ಈಗಿನಿಂದಲೇ ತಯಾರು ಮಾಡಿ. ವಾರಕ್ಕೆ ಮೂರು ದಿನ ಉಣಕಲ್ಲಿನ ನೃಪತುಂಗ ಬೆಟ್ಟ ಹತ್ತಿ, ಇಳಿಯುವಾಗ ನಿಧಾನ ಇಳಿಯಿರಿ. ಸ್ಕೀಗೆ ಬೇಕಾದ ಶಕ್ತಿ ಇಳಿಯೋದರಲ್ಲಿ ಬರುತ್ತದೆ.

ಪ್ರಶ್ನೆ: ಫೆಬ್ರವರಿಗೆ ಗುಲ್ಮಾರ್ಗ್ ಟಿಕೆಟ್ ಮಾಡಿಸಿದ್ದೇವೆ. ಅಪ್ಪಾಜಿಗೆ 64, ಶುಗರ್ ಮತ್ತು ಬಿಪಿ ಇದೆ, ಇನ್ಸುಲಿನ್ ತಗೋತಾರೆ. ಗೊಂಡೊಲಾದಲ್ಲಿ ಕರೆದುಕೊಂಡು ಹೋಗಬಹುದಾ?
– ಮುಳಗುಂದ ನಾಕಾ, ಗದಗ

ಉತ್ತರ: ಮೊದಲು ಅವರ ಡಾಕ್ಟರ ಹತ್ತಿರ ಕೇಳಿ, ಇದನ್ನು ಪತ್ರದಲ್ಲಿ ನಾನು ತೀರ್ಮಾನಿಸೋಕೆ ಆಗೋದಿಲ್ಲ. ಎತ್ತರದ ಲೆಕ್ಕ ಮಾತ್ರ ಅವರಿಗೆ ಸರಿಯಾಗಿ ಹೇಳಿ. ಗದಗ ಸುಮಾರು 650 ಮೀಟರ್, ಗುಲ್ಮಾರ್ಗ್ 2,650. ಗೊಂಡೊಲಾದ ಮೊದಲ ಹಂತ ಕೊಂಗ್‌ಡೋರಿ ಸುಮಾರು 3,000 ಮೀಟರ್, ಎರಡನೇ ಹಂತ ಅಫರ್‌ವಾಟ್ ಹೆಚ್ಚುಕಡಿಮೆ 3,950. ಡಾಕ್ಟರು ಹೂಂ ಅಂದರೂ ಅವರಿಗೆ ಮೊದಲ ಹಂತ ಸಾಕು, ಹಿಮವೂ ಅಲ್ಲೇ ಬೇಕಾದಷ್ಟಿರುತ್ತದೆ. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆಯಿರಿ.

ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಕರಗಿದ ಮೇಲೂ ಬಳಸಬಾರದು. ಬ್ಯಾಗಿನಲ್ಲಿಡದೆ ಕೋಟಿನ ಒಳಜೇಬಿನಲ್ಲಿ ಇಡಿ. ಶುಗರ್ ನೋಡುವ ಮಷೀನು ಕೂಡ ಕೊರೆಯೋ ಚಳಿಯಲ್ಲಿ ತಪ್ಪು ತೋರಿಸಬಹುದು, ರೂಮಿನಲ್ಲೇ ನೋಡಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಸುತ್ತಿರಿ. ಕಣ್ಣಿಗೆ ಒಳ್ಳೆ ಕಪ್ಪು ಕನ್ನಡಕ ಬೇಕೇ ಬೇಕು, ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣದಲ್ಲಿ ಸುಮಾರು 80 ಶೇಕಡಾ ವಾಪಸ್ ಕಣ್ಣಿಗೇ ಎಸೆಯುತ್ತದೆ. ಊಟದ ಹೊತ್ತು ತಪ್ಪುವ ಊರು ಅದು. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿ.

ಪ್ರಶ್ನೆ: ನಾನು ಡಿಗ್ರಿ ವಿದ್ಯಾರ್ಥಿನಿ. ಸುಮ್ನೆ ಪ್ರವಾಸಕ್ಕಲ್ಲ, ಸರಿಯಾಗಿ ಸ್ಕೀಯಿಂಗ್ ಕಲಿಯಬೇಕು. ನಮ್ಮ ಕಡೆಯವರಿಗೆ ಆಗುತ್ತಾ?
– ಹಾವೇರಿ

ಉತ್ತರ: ಖಂಡಿತ ಆಗುತ್ತದೆ. ಹಿಮವೇ ಬೀಳದ ನಮ್ಮ ಕೊಡಗಿನ ಭವಾನಿ ತೆಕ್ಕಡ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕರ್ನಾಟಕಕ್ಕೆ ಸ್ಕೀಯಿಂಗ್ ಚಿನ್ನ ತಂದಿದ್ದಾರೆ. ನೀವು ರೆಸಾರ್ಟ್‌ಗೆ ದುಡ್ಡು ಹಾಕಬೇಡಿ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಸಂಸ್ಥೆ ಇದೆ, ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ. ಎರಡೂ ಸರ್ಕಾರದವು, ಎರಡರಲ್ಲೂ ಹೊಸಬರಿಗೆ ಚಳಿಗಾಲದಲ್ಲಿ ಕೋರ್ಸ್ ನಡೆಯುತ್ತದೆ. ಸೀಟು ಬೇಗ ತುಂಬುತ್ತವೆ, ದಸರಾ ಹೊತ್ತಿಗೇ ಅವರ ವೆಬ್‌ಸೈಟ್ ನೋಡೋಕೆ ಶುರುಮಾಡಿ, ಪರೀಕ್ಷೆ ದಿನಾಂಕದ ಜೊತೆ ತಾಳೆ ಹಾಕಿ ಅರ್ಜಿ ಹಾಕಿ. ಮೆಡಿಕಲ್ ಸರ್ಟಿಫಿಕೇಟ್ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.