ಒಮಾನಿ ಮನೆಯಿಂದ ಈದ್‌ಗೆ ಕರೆ ಬಂದರೆ, ಯಾವ ದಿನ ಅಂತ ಮೊದಲು ಕೇಳಿ

ದಾವಣಗೆರೆಯಿಂದ ಮಸ್ಕತ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ ಅಂತ ಬರೆದಿದ್ದೀರಿ. ಆಫೀಸಿನ ಒಮಾನಿ ಗೆಳೆಯರು ಬಕ್ರೀದ್‌ಗೆ ನಿಜ್ವಾ ಹತ್ತಿರದ ತಮ್ಮ ಊರಿಗೆ ಗಂಡ-ಹೆಂಡತಿ ನಿಮ್ಮಿಬ್ಬರನ್ನೂ ಕರೆದಿದ್ದಾರೆ. ನೀವು ಮಾಂಸ ಮುಟ್ಟುವವರಲ್ಲ. ಹೋಗಬೇಕೋ ಬೇಡವೋ, ಹೋದರೆ ಏನು ತಗೊಂಡು ಹೋಗಬೇಕು, ಇದು ನಿಮ್ಮ ಪ್ರಶ್ನೆ.

ಖಂಡಿತ ಹೋಗಿ. ಮಸ್ಕತ್‌ನಲ್ಲೇ ಕೂತರೆ ನಿಮಗೆ ಹಬ್ಬ ಕಾಣುವುದೇ ಇಲ್ಲ. ದೀಪಾವಳಿಗೆ ಬೆಂಗಳೂರು ಖಾಲಿಯಾಗುತ್ತದಲ್ಲ, ಇಲ್ಲೂ ಹಾಗೇ. ಅಂಗಡಿಗೆ ಬಾಗಿಲು, ರಸ್ತೆ ಖಾಲಿ, ಮಾಲ್‌ನಲ್ಲಿ ನಮ್ಮಂಥವರೇ ಓಡಾಡುತ್ತಿರುತ್ತಾರೆ. ಒಮಾನಿಗಳೆಲ್ಲ ಅಜ್ಜನ ಊರಿಗೆ ಹೊರಟಿರುತ್ತಾರೆ. ಇವರ ಈದ್ ಇರುವುದು ಊರಲ್ಲಿ.

ಆದರೆ ಗೆಳೆಯರು ಬರೀ "ಈದ್‌ಗೆ ಬನ್ನಿ" ಅಂದಿದ್ದರೆ, ಯಾವ ದಿನ ಅಂತ ಕೇಳಿಕೊಳ್ಳಿ. ಇದಕ್ಕೆ ಎರಡು ಕಾರಣ ಇದೆ.

ಒಂದು, ಚಂದ್ರ. ಒಮಾನ್ ತನ್ನ ಆಕಾಶದಲ್ಲಿ ತಾನೇ ಚಂದ್ರನನ್ನು ನೋಡಿ ತಿಂಗಳು ಶುರು ಮಾಡುತ್ತದೆ. ಕೆಲವು ವರ್ಷ ಸೌದಿ, ದುಬೈಗಿಂತ ಒಂದು ದಿನ ತಡ. 2024ರಲ್ಲಿ ಅಲ್ಲಿ ಬಕ್ರೀದ್ ಜೂನ್ 16ಕ್ಕೆ ಆಯಿತು, ಇಲ್ಲಿ 17ಕ್ಕೆ. ದುಬೈಯಲ್ಲಿರುವ ನೆಂಟರ ಮಾತು ಕೇಳಿ ಹೊರಡಬೇಡಿ. ಬಕ್ರೀದ್‌ನಲ್ಲಿ ಒಂದು ಅನುಕೂಲ ಏನೆಂದರೆ ಹತ್ತು ದಿನ ಮೊದಲೇ ತಾರೀಕು ಗೊತ್ತಾಗುತ್ತದೆ. ರಂಜಾನ್ ಹಬ್ಬದ್ದೇ ಕಷ್ಟ, ಹಿಂದಿನ ರಾತ್ರಿವರೆಗೂ ಕಾಯಬೇಕು.

ಎರಡನೆಯದು ಇನ್ನೂ ಮುಖ್ಯ. ಇಲ್ಲಿ ಹಬ್ಬದ ಒಂದೊಂದು ದಿನಕ್ಕೂ ಒಂದೊಂದು ಅಡುಗೆ. ಸಾಮಾನ್ಯವಾಗಿ ಮೊದಲ ದಿನ ಬೆಳಿಗ್ಗೆ ಅರ್ಸಿಯಾ, ಅಂದರೆ ಅಕ್ಕಿ ಮತ್ತು ಮಾಂಸವನ್ನು ಮುದ್ದೆಯಾಗುವವರೆಗೆ ಬೇಯಿಸಿ, ಕಡೆದು, ಮೇಲೆ ತುಪ್ಪ ಹಾಕಿದ್ದು. ಆಮೇಲೆ ಬಯಲಿನಲ್ಲಿ ನಮಾಜು, ಕುರ್ಬಾನಿ. ಎರಡನೇ ದಿನ ಮಿಶ್ಕಾಕ್, ಖರ್ಜೂರದ ಗರಿಯ ಕಡ್ಡಿಗೆ ಮಾಂಸ ಚುಚ್ಚಿ ಕೆಂಡದ ಮೇಲೆ ಸುಡುವುದು. ಮೂರನೇ ದಿನ ಶುವಾ, ಅಂದರೆ ಕೆಂಡದ ಗುಂಡಿಯಲ್ಲಿ ಹೂತು ಬೇಯಿಸಿದ ಮಾಂಸ. ಆದರೆ ಈ ಕ್ರಮ ಎಲ್ಲ ಊರಿಗೂ ಒಂದೇ ಅಲ್ಲ. ಒಂದು ಊರಲ್ಲಿ ಎರಡನೇ ದಿನವೇ ಶುವಾ ಹೊರಗೆ ಬಂದಿರುತ್ತದೆ, ಇನ್ನೊಂದರಲ್ಲಿ ಅವತ್ತು ಇನ್ನೂ ಗುಂಡಿಗೆ ಹಾಕುತ್ತಿರುತ್ತಾರೆ. ದಕ್ಷಿಣದ ಸಲಾಲಾ ಕಡೆ ಹೋದರೆ ರೂಢಿಯೇ ಬೇರೆ, ಅಲ್ಲಿ ಕಾದ ಕಲ್ಲಿನ ಮೇಲೆ ಮಾಂಸ ಸುಡುತ್ತಾರೆ.

ನೀವು ತಿನ್ನದಿದ್ದರೂ ಶುವಾ ಗುಂಡಿಯನ್ನು ನೋಡಲೇಬೇಕು, ನನ್ನ ಕೇಳಿದರೆ. ಬೆಳ್ಳುಳ್ಳಿ, ಕೊತ್ತಂಬರಿ, ಜೀರಿಗೆ, ಏಲಕ್ಕಿ, ಲವಂಗ, ಮೆಣಸು, ವಿನಿಗರ್ ಎಲ್ಲ ಸೇರಿಸಿ ಅರೆದು ಮಾಂಸಕ್ಕೆ ಬಳಿದು ಬಾಳೆ ಎಲೆಯಲ್ಲಿ ಸುತ್ತುತ್ತಾರೆ. ಈಗ ಫಾಯಿಲ್ ಕೂಡ ಬಳಸುತ್ತಾರೆ. ಆ ಗಂಟನ್ನು ಖರ್ಜೂರದ ಗರಿಯಿಂದ ಹೆಣೆದ ಚೀಲಕ್ಕೆ ತುಂಬಿ ಬಾಯಿ ಹೊಲಿಯುತ್ತಾರೆ. ಗುಂಡಿ ಆಳವಾಗಿರುತ್ತದೆ, ಒಳಗೆ ಸೌದೆ ಉರಿದು ಕೆಂಡವಾಗಿರಬೇಕು. ಎಷ್ಟೋ ಊರಲ್ಲಿ ಒಂದೇ ಗುಂಡಿ, ಹತ್ತಾರು ಮನೆಯ ಚೀಲ. ಯಾರದು ಯಾವುದು ಅಂತ ತಿಳಿಯಲು ಒಬ್ಬರು ತಂತಿ ಸುತ್ತಿರುತ್ತಾರೆ, ಇನ್ನೊಬ್ಬರು ತಗಡಿನ ತುಂಡಿಗೆ ಹೆಸರು ಕೊರೆದು ಕಟ್ಟಿರುತ್ತಾರೆ. ಚೀಲ ಹೊತ್ತವರೆಲ್ಲ ಗುಂಡಿಯ ಸುತ್ತ ನಿಂತು, ಒಂದೇ ಕೂಗಿಗೆ ಎಲ್ಲರೂ ಒಟ್ಟಿಗೆ ಎಸೆಯುತ್ತಾರೆ. ತಡ ಮಾಡಿದರೆ ಮೊದಲು ಬಿದ್ದ ಚೀಲಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ, ಅದಕ್ಕೇ ಇಷ್ಟು ಗಡಿಬಿಡಿ. ಎಸೆದ ತಕ್ಷಣ ಕಬ್ಬಿಣದ ಮುಚ್ಚಳ, ಮೇಲೆ ಮಣ್ಣು. ಒಬ್ಬ ಹಿರಿಯರು ಸುತ್ತಲೂ ಬಗ್ಗಿ ನೋಡುತ್ತಾ ಹೋಗುತ್ತಾರೆ. ಎಲ್ಲಾದರೂ ಹೊಗೆಯ ಎಳೆ ಕಂಡರೆ ಅಲ್ಲಿಗೆ ಇನ್ನೊಂದು ಹಿಡಿ ಹಸಿಮಣ್ಣು ಒತ್ತುತ್ತಾರೆ. ಗಾಳಿ ಒಳಗೆ ಹೋದರೆ ಇಡೀ ಊರಿನ ಮಾಂಸ ಇದ್ದಿಲಾಗುತ್ತದೆ. ಒಂದು ದಿನ, ಕೆಲವು ಕಡೆ ಎರಡು ದಿನ ಹಾಗೇ ಬಿಡುತ್ತಾರೆ.

ರಜೆ ಸಿಕ್ಕರೆ ಹಬ್ಬಕ್ಕೆ ಕೆಲವು ದಿನ ಮೊದಲು ಹಬ್ತಾಗೂ ಹೋಗಿ ಬನ್ನಿ. ಈದ್‌ಗೆ ಮುಂಚೆ ಒಳನಾಡಿನ ಊರುಗಳಲ್ಲಿ ಸೇರುವ ಸಂತೆ ಅದು. ನಿಜ್ವಾದ್ದು ದೊಡ್ಡದು. ಮೇಕೆ ಹಿಡಿದವರು ಸುತ್ತು ಹೊಡೆಯುತ್ತಾ ಬೆಲೆ ಕೂಗುತ್ತಾರೆ, ಕೊಳ್ಳುವವರು ಆ ಸುತ್ತಿನ ಒಳಗೂ ಹೊರಗೂ ನಿಂತು ನೋಡುತ್ತಾರೆ. ಬೇಕಾದವರು ಕೈ ಅಡ್ಡ ಹಿಡಿದು ನಿಲ್ಲಿಸಿ, ಬಾಯಿ ಬಿಡಿಸಿ ಹಲ್ಲು ನೋಡಿ, ಬೆನ್ನು ಅದುಮಿ ಚೌಕಾಸಿಗೆ ಇಳಿಯುತ್ತಾರೆ. ಅದರ ಪಕ್ಕದಲ್ಲೇ ಕಡ್ಡಿ, ಗರಿಯ ಚೀಲ, ಸೌದೆ, ಮಕ್ಕಳ ಆಟಿಕೆ. ಬೆಳಿಗ್ಗೆ ಬೇಗ ಹೋಗಬೇಕು, ಬಿಸಿಲೇರಿದ ಮೇಲೆ ಏನೂ ಇರುವುದಿಲ್ಲ.

ಈಗ ನಿಮ್ಮ ಊಟದ ವಿಷಯ. ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಹೇಳಿಬಿಡಿ, ಸಂಕೋಚ ಬೇಡ. ಮಸ್ಕತ್‌ನ ಹಳೇ ಬಂದರು ಪೇಟೆ ಮತ್ರಾದ ಗುಜರಾತಿ ವ್ಯಾಪಾರಿಗಳ ಜೊತೆ ತಲೆಮಾರುಗಳಿಂದ ಬಾಳಿದ ಜನ ಇವರು, ಸಸ್ಯಾಹಾರ ಗೊತ್ತಿಲ್ಲದ್ದೇನಲ್ಲ. ಹೇಳದೇ ಹೋಗಿ ತಟ್ಟೆ ಮುಂದೆ ಸುಮ್ನೆ ಕೂತರೆ ಮಾತ್ರ ಅವರಿಗೆ ಬೇಜಾರಾಗುತ್ತದೆ. ಅನ್ನದ ಬಗ್ಗೆಯೂ ಕೇಳಿ, ಎಷ್ಟೋ ಸಲ ಅದು ಮಾಂಸದ ನೀರಿನಲ್ಲೇ ಬೆಂದಿರುತ್ತದೆ. ಹಲ್ವಾ ಧಾರಾಳವಾಗಿ ತಿನ್ನಬಹುದು. ಗಂಜಿಹಿಟ್ಟು, ಸಕ್ಕರೆ, ತುಪ್ಪ, ಕೇಸರಿ, ಏಲಕ್ಕಿ, ಗುಲಾಬಿ ನೀರು ಹಾಕಿ ಗಂಟೆಗಟ್ಟಲೆ ಕೈಯಾಡಿಸಿ ಮಾಡಿದ್ದು. ಯಾವ ಮನೆಗೆ ಹೋದರೂ ಮೊದಲು ಹಣ್ಣು, ಖರ್ಜೂರ, ಹಲ್ವಾ ಇಡುತ್ತಾರೆ, ಜೊತೆಗೆ ಕಹ್ವಾ, ಅಂದರೆ ಇಲ್ಲಿನ ಕಾಫಿ. ಬಟ್ಟಲು ಖಾಲಿಯಾದಂತೆ ತುಂಬುತ್ತಲೇ ಇರುತ್ತಾರೆ. ಸಾಕಾದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಿ. ಬಾಯಲ್ಲಿ ಬೇಡ ಬೇಡ ಅಂದರೆ ಯಾರೂ ಕೇಳುವುದಿಲ್ಲ! ಅವತ್ತು ಒಂದೇ ಮನೆಗೆ ಹೋಗಿ ಬರುತ್ತೇವೆ ಅಂದುಕೊಳ್ಳಬೇಡಿ. ಗೆಳೆಯರು ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ ಅಂತ ಎಲ್ಲರ ಮನೆಗೂ ಎಳೆದುಕೊಂಡು ಹೋಗುತ್ತಾರೆ, ಎಲ್ಲ ಕಡೆಯೂ ಇದೇ ಹಲ್ವಾ, ಇದೇ ಕಹ್ವಾ. ಹೊಟ್ಟೆಯಲ್ಲಿ ಜಾಗ ಇಟ್ಟುಕೊಳ್ಳಿ.

ಉಡುಗೊರೆಗೆ ತಲೆ ಕೆಡಿಸಿಕೊಳ್ಳಬೇಡಿ. ಒಳ್ಳೆಯ ಸಿಹಿ ಒಂದು ಡಬ್ಬ ಸಾಕು. ನಮ್ಮ ಮೈಸೂರು ಪಾಕ್ ಇಲ್ಲಿ ಚೆನ್ನಾಗಿಯೇ ಖರ್ಚಾಗುತ್ತದೆ. ಮಕ್ಕಳಿಗೆ ಈದಿಯಾ, ಅಂದರೆ ಹಬ್ಬದ ದುಡ್ಡು, ಕೊಡುವುದು ವಾಡಿಕೆ. 100 ಬೈಸಾ, ಅರ್ಧ ರಿಯಾಲ್‌ನ ಹೊಸ ನೋಟು ಜೇಬಲ್ಲಿರಲಿ. ಹಬ್ಬದ ವಾರ ಗರಿಗರಿ ನೋಟು ಸಿಗುವುದು ಕಷ್ಟ, ಬ್ಯಾಂಕಿಗೆ ಮೊದಲೇ ಹೋಗಿ. ದೊಡ್ಡ ನೋಟು ಕೊಟ್ಟು ದೊಡ್ಡಸ್ತಿಕೆ ತೋರಿಸುವುದು ಬೇಡ, ಅವರ ಮನೆ ಹಿರಿಯರಿಗೆ ಇರುಸುಮುರುಸು.

ಗಂಡಸರ ಮಜ್ಲಿಸ್ (ಅತಿಥಿಗಳು ಕೂರುವ ಕೋಣೆ) ಬೇರೆ, ಹೆಂಗಸರದ್ದು ಬೇರೆ. ನಿಮ್ಮ ಮನೆಯವರನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ, ನಿಜ ಹೇಳಬೇಕೆಂದರೆ ಮಜಾ ಇರುವುದು ಅಲ್ಲೇ. ಮೆಹಂದಿ, ಹೊಸ ಬಟ್ಟೆ, ಅತ್ತರು, ನಗು ಎಲ್ಲ ಆ ಕಡೆ. ಈ ಕಡೆ ನೀವು ಬಿಳಿ ದಿಶ್‌ದಾಶಾ ಎಂಬ ನಿಲುವಂಗಿ ತೊಟ್ಟು, ಸೊಂಟಕ್ಕೆ ಬೆಳ್ಳಿ ಖಂಜರ್ (ಬಾಕು) ಕಟ್ಟಿದ ಹಿರಿಯರ ಮಧ್ಯೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತೀರಿ. ಗುಂಡಿ, ಸಂತೆ, ಕತ್ತಿ ಹಿಡಿದು ಕುಣಿಯುವ ರಝ್ಹಾ, ಇವುಗಳ ಫೋಟೋ ತೆಗೆದರೆ ಯಾರೂ ಬೇಡ ಅನ್ನುವುದಿಲ್ಲ. ಹೆಂಗಸರ ಕಡೆ ಮಾತ್ರ ಫೋನ್ ಚೀಲದಲ್ಲೇ ಇರಲಿ ಅಂತ ನಿಮ್ಮ ಮನೆಯವರಿಗೆ ಹೇಳಿ.

ಕೊನೆಗೆ ದಾರಿ. ನಿಜ್ವಾಗೆ ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ಆದರೆ ಹಬ್ಬದ ಹಿಂದಿನ ಸಂಜೆ ದಾರಿಯಲ್ಲಿ ಸಿಗುವ ಬಿದ್‌ಬಿದ್ ಊರಿನ ಕಡೆ ಕಾರುಗಳ ಸಾಲೇ ಸಾಲು. ಮೂರನೇ ದಿನ ಬನ್ನಿ ಅಂದರೆ ಆವತ್ತೇ ಬೆಳಿಗ್ಗೆ ಹೊರಡಿ, ರಸ್ತೆ ನಿಮ್ಮದೇ. ಪೆಟ್ರೋಲ್ ಮಾತ್ರ ಮಸ್ಕತ್‌ನಲ್ಲೇ ತುಂಬಿಸಿಕೊಳ್ಳಿ.