ಹಾಲು ಡೈರಿಗೆ ಹೋಗುವವರೆಗೆ ನಾನು ಹಕ್ಕಿಗಳ ಪಾಲು

ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕ್ಲಿನಿಕ್ ಇಟ್ಟಿರುವ ನಮ್ಮ ಡಾಕ್ಟರು ಈ ಅಂಕಣದಲ್ಲಿ ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಯ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾರೆ. ಹೋದ ಸಂಚಿಕೆಯಲ್ಲಿ ಅವರು ತೆಗೆದ ಹೆಜ್ಜಾರ್ಲೆಯ (ಪೆಲಿಕನ್ ಹಕ್ಕಿ) ಫೋಟೋ, ಅದರ ಕೆಳಗೆ ಅವರದೇ ಒಂದು ಷಟ್ಪದಿ ಅಚ್ಚಾಯಿತು. ಆಮೇಲೆ ಬಂದ ಪತ್ರಗಳ ಧಾಟಿಯೇ ಬೇರೆ. ಅವುಗಳಲ್ಲಿ ಕೆಲವು ಇಲ್ಲಿವೆ. – ಸಂ.

ಪ್ರಶ್ನೆ: ಡಾಕ್ಟ್ರೇ, ಹಳ್ಳಿ ಕ್ಲಿನಿಕ್ ಅಂದ್ರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಜನ. ಕವಿತೆಗೂ ಕ್ಯಾಮೆರಾಗೂ ಟೈಮ್ ಎಲ್ಲಿಂದ ತರುತ್ತೀರಿ?
– ಒಬ್ಬ ಶಿಕ್ಷಕಿ, ಪಾಂಡವಪುರ

ಉತ್ತರ: ಮೇಡಂ, ನನಗೆ ಟೈಮ್ ಕೊಡುವುದು ಹಸು. ನಮ್ಮ ಕಡೆ ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಕೊಟ್ಟಿಗೆ ಬಾಚಿ, ಹುಲ್ಲು ಹಾಕಿ, ಆಮೇಲೆ ತಾನೇ ಜನಕ್ಕೆ ತಮ್ಮ ಸೊಂಟನೋವು ನೆನಪಾಗುವುದು! ಎದೆನೋವು, ಹೆರಿಗೆ, ಹಾವು ಇವು ಮಾತ್ರ ಗಂಟೆ ನೋಡಿ ಬರುವುದಿಲ್ಲ. ಉಳಿದವರೆಲ್ಲ ಒಂಬತ್ತರ ಮೇಲೆ. ಅಲ್ಲಿವರೆಗೆ ನಾನು ನಾಲೆ ಏರಿಯ ಮೇಲೆ ಇರುತ್ತೇನೆ. ಕ್ಯಾಮೆರಾ ಬ್ಯಾಗಲ್ಲೇ ಸ್ಟೆತಸ್ಕೋಪೂ ಇರುತ್ತದೆ. ಫೋನ್ ಬಂದರೆ ಅಲ್ಲಿಂದಲೇ ಬೈಕ್ ತಿರುಗಿಸುತ್ತೇನೆ.

ಅದೃಷ್ಟಕ್ಕೆ ಫೋಟೋಗೂ ಅದೇ ಒಳ್ಳೆಯ ಹೊತ್ತು. ಸೂರ್ಯ ಕೆಳಗಿದ್ದಾಗ ಬೆಳಕು ಓರೆಯಾಗಿ ಬರುತ್ತದೆ. ಗರಿಯ ಒಂದೊಂದು ಎಳೆಗೂ ಪುಟ್ಟ ನೆರಳು ಬೀಳುತ್ತದೆ. ಹತ್ತು ಗಂಟೆಯ ಮೇಲೆ ಬಿಸಿಲು ನೆತ್ತಿಗೇರಿದರೆ ಎಲ್ಲ ಚಪ್ಪಟೆ.

ಕವಿತೆಗೆ ಬೇರೆ ಹೊತ್ತು ಬೇಕಿಲ್ಲ. ಬೈಕ್ ಓಡಿಸುವಾಗ ಬಾಯಲ್ಲಿ ಒಂದು ಸಾಲು ಆಡುತ್ತಿರುತ್ತದೆ. ಮನೆ ಮುಟ್ಟುವ ಹೊತ್ತಿಗೆ ಅದು ನಿಂತರೆ ಬರೆದುಕೊಳ್ಳುತ್ತೇನೆ, ಬಿದ್ದುಹೋದರೆ ಹೋಯಿತು.

ಇನ್ನೊಂದು ಮಾತು. ಹಕ್ಕಿ ಎಲ್ಲಿದೆ ಅಂತ ನಾನು ಹುಡುಕುವುದೇ ಕಡಿಮೆ. ನನ್ನ ರೋಗಿಗಳೇ ಹೇಳುತ್ತಾರೆ. ಕ್ಲಿನಿಕ್ ಗೋಡೆಯಲ್ಲಿ ಬಾಯ್ಕಳಕ ಕೊಕ್ಕರೆಯ ಫೋಟೋ ಹಾಕಿದ್ದೇನೆ. ಕೊಕ್ಕಿನ ಎರಡು ಭಾಗ ಮಧ್ಯದಲ್ಲಿ ಕೂಡುವುದೇ ಇಲ್ಲ, ಸಂದಿನಲ್ಲಿ ಆಚೆ ಬೆಳಕು ಕಾಣುತ್ತದೆ. ಮಂಡಿನೋವಿಗೆ ಬಂದ ಅಜ್ಜಿಯೊಬ್ಬರು ಅದನ್ನು ನೋಡಿ, ‘ಇದು ನಮ್ ಗದ್ದೇಲಿ ಬಸವನಹುಳ ತಿನ್ನೋದು ಕಣ್ ಸಾ, ಇದ್ನ ಫೋಟೋ ಹಿಡಿಯೋಕೆ ಅಷ್ಟ್ ದೂರ ಯಾಕೋದ್ರಿ?’ ಅಂದರು. ಇಂಜೆಕ್ಷನ್ ಹಾಕಿಸಿಕೊಳ್ಳುವಾಗಲೇ ತೂಬಿನ ಹತ್ತಿರ ಯಾವ ಗದ್ದೆ, ಎಷ್ಟು ಹೊತ್ತಿಗೆ ಬರುತ್ತವೆ, ಎಲ್ಲ ಹೇಳಿದರು. ಮಾರನೇ ದಿನ ಹೋದೆ. ಅಜ್ಜಿ ಹೇಳಿದ ಗದ್ದೆಯಲ್ಲೇ ಇದ್ದವು.

ಪ್ರಶ್ನೆ: ಹಕ್ಕಿ ನೋಡುವುದರಿಂದ, ಕವಿತೆ ಓದುವುದರಿಂದ ಬಿಪಿ ಕಮ್ಮಿಯಾಗುತ್ತದೆ ಅಂತ ಓದಿದೆ. ಮಾತ್ರೆ ಬಿಟ್ಟು ಇದನ್ನೇ ಶುರು ಮಾಡಬಹುದಾ?
– ನಿವೃತ್ತ ಬ್ಯಾಂಕ್ ನೌಕರರು, ಸರಸ್ವತಿಪುರಂ, ಮೈಸೂರು

ಉತ್ತರ: ಮಾತ್ರೆ ಬಿಡಬೇಡಿ ಸಾರ್. ಕುಕ್ಕರಹಳ್ಳಿ ಕೆರೆ ನಿಮಗೆ ಹತ್ತಿರ. ದಿನಾ ಒಂದು ಸುತ್ತು ಹಾಕಿ, ಉಪ್ಪು ಕಮ್ಮಿ ಮಾಡಿ. ಹಕ್ಕಿ ಕಂಡರೆ ನೋಡಿ. ಆದರೆ ಹಕ್ಕಿಯನ್ನು ಹಕ್ಕಿಗಾಗಿ ನೋಡಿ, ಬಿಪಿಗಾಗಿ ಅಲ್ಲ. ಕವಿತೆಯನ್ನು ಔಷಧಿ ಅಂತ ಮಾರುವವರನ್ನು ಕಂಡರೆ ನನಗಾಗದು. ಒಳ್ಳೆಯ ಕವಿತೆ ಓದಿ ರಾತ್ರಿಯಿಡೀ ನಿದ್ದೆ ಬರದೆ ಹೊರಳಾಡಿದವರೂ ಇದ್ದಾರೆ.

ಪ್ರಶ್ನೆ: ರಂಗನತಿಟ್ಟಿನಲ್ಲಿ ದೋಣಿಯಿಂದ ಬೆಳ್ಳಕ್ಕಿ ಫೋಟೋ ತೆಗೆದೆ. ಬಂಡೆ, ಮರ, ನೀರು ಎಲ್ಲ ಚೆನ್ನಾಗಿ ಬಂದಿದೆ. ಹಕ್ಕಿ ಮಾತ್ರ ಬರೀ ಬಿಳಿ ಮುದ್ದೆ. ಕ್ಯಾಮೆರಾ ಕೆಟ್ಟಿದೆಯಾ?
– ಔಷಧಿ ಅಂಗಡಿ ಮಾಲೀಕರು, ಶ್ರೀರಂಗಪಟ್ಟಣ

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ. ಅದಕ್ಕೆ ಬೆಳ್ಳಕ್ಕಿ ಅಂದರೇನು ಅಂತ ಗೊತ್ತಿಲ್ಲ, ಅಷ್ಟೆ. ಕ್ಯಾಮೆರಾ ಒಳಗಿನ ಮೀಟರು ಎದುರಿಗಿರುವುದನ್ನೆಲ್ಲ ಸೇರಿಸಿ ಸರಾಸರಿ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ನಿಮ್ಮ ಫೋಟೋದಲ್ಲಿ ಮುಕ್ಕಾಲು ಪಾಲು ಕಪ್ಪು ಬಂಡೆ, ಕಡು ಹಸಿರು ನೀರು. ‘ಇಲ್ಲಿ ಕತ್ತಲೆ ಜಾಸ್ತಿ’ ಅಂದುಕೊಂಡು ಅದು ಎಲ್ಲವನ್ನೂ ಬೆಳಗಿಸಿತು. ಬಂಡೆ ಚೆನ್ನಾಗಿ ಕಂಡಿತು. ಮೊದಲೇ ಬೆಳ್ಳಗಿದ್ದ ಹಕ್ಕಿ ಸುಟ್ಟುಹೋಯಿತು.

ಪ್ಲಸ್–ಮೈನಸ್ ಗುರುತಿನ ಬಟನ್ ಇರುತ್ತದೆ ನೋಡಿ, ಅದನ್ನು ಮೈನಸ್ ಒಂದಕ್ಕೆ ಇಳಿಸಿ. ಬಿಸಿಲು ಜೋರಿದ್ದರೆ ಇನ್ನೂ ಸ್ವಲ್ಪ ಇಳಿಸಿ. ಬಂಡೆ ಕಪ್ಪಾಗಲಿ ಬಿಡಿ, ಅದು ಇರುವುದೇ ಕಪ್ಪು. ಬೆನ್ನಿನ ಮೇಲಿನ ಎಳೆ ಎಳೆ ಗರಿ ಕಾಣಬೇಕು. ಅತಿ ಬೆಳಕಾದ ಜಾಗ ಮಿಣುಕುವ ಹಾಗೆ ಕ್ಯಾಮೆರಾದಲ್ಲಿ ಒಂದು ಸೌಲಭ್ಯ ಇರುತ್ತದೆ, ಆನ್ ಮಾಡಿಕೊಳ್ಳಿ. ಹಕ್ಕಿಯ ಮೈ ಮಿಣುಕಿದರೆ ಆ ಜಾಗದ ವಿವರ ಹೋಯಿತು ಅಂತಲೇ ಲೆಕ್ಕ. ಕಪ್ಪಾದದ್ದನ್ನು ಕಂಪ್ಯೂಟರಿನಲ್ಲಿ ಎತ್ತಬಹುದು, ಪೂರ್ತಿ ಸುಟ್ಟದ್ದನ್ನು ಯಾರೂ ತರಲಾರರು. ನೀರುಕಾಗೆ ಬಿಳಿ ಆಕಾಶಕ್ಕೆ ಎದುರಾಗಿ ಕೂತಿದ್ದರೆ ಮಾತ್ರ ಇದೇ ಲೆಕ್ಕ ತಿರುಗುಮುರುಗು, ಪ್ಲಸ್ ಕಡೆಗೆ ಹೋಗಿ.

ದೋಣಿ ಅಲುಗುತ್ತದೆ, ಟ್ರೈಪಾಡ್ ಇಡುವ ಹಾಗಿಲ್ಲ. ಹಾಗಾಗಿ ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕಡಿಮೆ ಬೇಡ. ಹಾರುವ ಹಕ್ಕಿಗೆ 1/2000 ಇರಲಿ. ಎಲ್ಲಕ್ಕಿಂತ ಮುಖ್ಯ, ದೋಣಿ ನಡೆಸುವವರ ಜೊತೆ ಎರಡು ಮಾತಾಡಿ. ಬಂಡೆಯ ಮೇಲೆ ಮೊಸಳೆ ಎಲ್ಲಿ ಬಾಯಿ ತೆರೆದು ಮಲಗಿದೆ, ಬೆಳಕು ಯಾವ ಕಡೆ, ಅವರಿಗೆ ಗೊತ್ತಿರುವಷ್ಟು ನನಗೂ ನಿಮಗೂ ಗೊತ್ತಿಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ 1940ರಲ್ಲಿ ಮೈಸೂರು ಸಂಸ್ಥಾನ ಆ ತಿಟ್ಟುಗಳನ್ನು ಪಕ್ಷಿಧಾಮ ಮಾಡಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಷ್ಟು ದೊಡ್ಡ ಜಾಗ ನಿಮ್ಮ ಮನೆ ಹಿತ್ತಲಲ್ಲಿದೆ. ನಮ್ಮಂಥವರಿಗೆ ಹೊಟ್ಟೆಕಿಚ್ಚು!

ಪ್ರಶ್ನೆ: ಕೊಕ್ಕರೆ ಬೆಳ್ಳೂರಿನಲ್ಲಿ ಡ್ರೋನ್ ಬಿಟ್ಟು ಗೂಡಿನೊಳಗಿನ ಮರಿಗಳ ವಿಡಿಯೋ ಮಾಡಬೇಕು ಅಂತಿದ್ದೇನೆ. ಏನಾದರೂ ಟಿಪ್ಸ್ ಕೊಡಿ ಸರ್.
– ಕಾಲೇಜು ವಿದ್ಯಾರ್ಥಿ, ಮಳವಳ್ಳಿ

ಉತ್ತರ: ಒಂದೇ ಟಿಪ್ಪು ತಮ್ಮಾ. ಡ್ರೋನ್ ಮನೆಯಲ್ಲಿ ಬಿಟ್ಟು ಬಾ.

ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ಅಲ್ಲಿ ಹುಣಸೆ ಮರದ ಕೆಳಗೆ ನಿಂತು ಮೇಲೆ ನೋಡು. ಬಣ್ಣದ ಕೊಕ್ಕರೆ ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು ರೆಕ್ಕೆ ಅರ್ಧ ಬಿಚ್ಚಿ ನಿಂತಿರುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ. ಸೂರ್ಯ ಸರಿದ ಹಾಗೆ ಅದೂ ಸ್ವಲ್ಪ ಸ್ವಲ್ಪ ತಿರುಗುತ್ತದೆ. ಯಾಕೆ ಗೊತ್ತಾ? ರೆಕ್ಕೆಯ ನೆರಳಲ್ಲಿ ಮರಿಗಳಿವೆ. ಪುಕ್ಕ ಬಾರದ ಮರಿಗೆ ಆ ಬಿಸಿಲು ತಡೆಯುವ ಶಕ್ತಿ ಇಲ್ಲ. ನಿನ್ನ ಡ್ರೋನ್ ಸದ್ದಿಗೆ ತಾಯಿ ಎದ್ದು ಹಾರಿದರೆ ನೆರಳೂ ಹಾರಿತು. ಮೇಲೆ ಕಾಗೆ, ಹದ್ದು ಕಾಯುತ್ತಾ ಕೂತಿರುತ್ತವೆ.

ಆ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಮನೆ ಹಿತ್ತಲ ಹುಣಸೆ ಮರವನ್ನು ಕೊಕ್ಕರೆಗೆ ಬಿಟ್ಟುಕೊಟ್ಟರೆ ಹುಣಸೆಹಣ್ಣಿನ ಆದಾಯಕ್ಕೆ ಹೊಡೆತ. ವಾಸನೆ ಬೇರೆ. ಆದರೂ ತಲೆಮಾರುಗಳಿಂದ ಬಿಟ್ಟುಕೊಂಡು ಬಂದಿದ್ದಾರೆ. ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತದೆ, ನಿಜ. ಅದೊಂದಕ್ಕೇ ಯಾರೂ ಇಷ್ಟು ಸಹಿಸುವುದಿಲ್ಲ. ನಾನು ಹೆರಿಗೆ ಮಾಡಿಸುವ ಡಾಕ್ಟರು. ಬಾಣಂತಿ ಕೋಣೆಯ ಕಿಟಕಿಯಲ್ಲಿ ಕ್ಯಾಮೆರಾ ತೂರಿಸಿದವನನ್ನು ಏನು ಮಾಡುತ್ತೇನೋ ನಿನಗೂ ಅದನ್ನೇ ಮಾಡುತ್ತೇನೆ. ನೆಲದ ಮೇಲೆ ನಿಂತು, ಮನೆಯವರನ್ನು ಕೇಳಿ, ಝೂಮ್ ಲೆನ್ಸಿನಲ್ಲಿ ಎಷ್ಟು ಸಿಗುತ್ತದೋ ಅಷ್ಟು ತೆಗೆ.

ಪ್ರಶ್ನೆ: ಕವಿತೆ ಬರೆಯುತ್ತೇನೆ. ಈ ಕಾಲದಲ್ಲೂ ಛಂದಸ್ಸು ಕಲಿಯಬೇಕಾ? ಡಾಕ್ಟರಾಗಿ ನಿಮಗೆ ಅದರಿಂದ ಏನು ಉಪಯೋಗ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಛಂದಸ್ಸು ಇಲ್ಲದೆಯೂ ಒಳ್ಳೆಯ ಕವಿತೆ ಬರೆಯಬಹುದಮ್ಮ. ಆದರೆ ಗೊತ್ತಿದ್ದು ಬಿಡುವುದು ಬೇರೆ, ಗೊತ್ತಿಲ್ಲದೆ ಬಿಡುವುದು ಬೇರೆ. ಭಾಮಿನಿ ಷಟ್ಪದಿಯಿಂದ ಶುರು ಮಾಡು. ಚಿಕ್ಕದಾಗಿ ಹೇಳುವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ; ಎಳೆದು ಹೇಳುವುದು ಗುರು, ಅದಕ್ಕೆ ಎರಡು. ಮೂರು ನಾಲ್ಕು, ಮೂರು ನಾಲ್ಕು, ಹದಿನಾಲ್ಕು ಮಾತ್ರೆಗೆ ಒಂದು ಸಾಲು. ನಾಲೆ ಏರಿಯಲ್ಲಿ ನನ್ನ ಬಾಯಿಗೆ ಬಂದದ್ದು ನೋಡು:

ಮಳೆಯು ಬಂದಿತು ನಾಲೆ ತುಂಬಿತು
ಕೆರೆಯ ಏರಿಯ ಮೇಲೆ ಕೊಕ್ಕರೆ

ದೊಡ್ಡ ಕವಿತೆ ಏನಲ್ಲ. ಆದರೆ ಎಣಿಸಿ ನೋಡು, ಲೆಕ್ಕ ತಪ್ಪಿಲ್ಲ. ಮೂರನೇ ಸಾಲು ಉದ್ದ: ಮೂರು–ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23 ಮಾತ್ರೆ. ಅದನ್ನು ನೀನು ಬರೆದು ಕಳಿಸು.

ಉಪಯೋಗ ಕೇಳಿದೆ ಅಲ್ವಾ? ನನ್ನ ಹತ್ತಿರ ಉಬ್ಬಸಕ್ಕೆ ಬರುವ ಹಿರಿಯರೊಬ್ಬರಿದ್ದಾರೆ. ಊರಲ್ಲಿ ಕುಮಾರವ್ಯಾಸ ಭಾರತ ವಾಚನ ಮಾಡಿದವರು. ನಾನು ಊದಿಸುವ ಮೀಟರಿನ ಅಂಕಿ ಅವರಿಗೆ ಏನೂ ಹೇಳುವುದಿಲ್ಲ. ಕುರ್ಚಿಯಲ್ಲಿ ಕೂತು ಒಂದು ಪದ್ಯ ಎತ್ತುತ್ತಾರೆ. ಮೂರನೇ ಸಾಲಿನ ಕೊನೆಯ ಗುರುವಿನ ತನಕ ಒಂದೇ ಉಸಿರಲ್ಲಿ ಹೋದರೆ ‘ಇವತ್ತು ವಾಸಿ ಕಣ್ ಸಾ’ ಅನ್ನುತ್ತಾರೆ. ನಡುವೆ ಉಸಿರು ತೆಗೆದುಕೊಂಡರೆ ಮುಖ ಸಣ್ಣದಾಗುತ್ತದೆ. ಒಂದೇ ಉಸಿರಲ್ಲಿ ಎಷ್ಟರವರೆಗೆ ಎಣಿಸಬಲ್ಲರು ಅಂತ ನೋಡುವ ಪರೀಕ್ಷೆ ನಮ್ಮ ವೈದ್ಯಶಾಸ್ತ್ರದಲ್ಲೂ ಇದೆ. ಅವರು ಒಂದು, ಎರಡು ಅನ್ನುವ ಬದಲು ಕುಮಾರವ್ಯಾಸನನ್ನು ಹೇಳುತ್ತಾರೆ. ನಾನು ಕಾರ್ಡಿನಲ್ಲಿ ಮೀಟರಿನ ಅಂಕಿಯ ಪಕ್ಕ ಅದನ್ನೂ ಬರೆದಿಡುತ್ತೇನೆ: ‘ಎರಡನೇ ನಾಲ್ಕರಲ್ಲಿ ನಿಂತರು.’ ಇನ್‌ಹೇಲರ್ ಮಾತ್ರ, ಪದ್ಯ ಪೂರ್ತಿ ಬಂದ ದಿನವೂ ತೆಗೆದುಕೊಳ್ಳಲೇಬೇಕು ಅಂತ ಜಗಳ ಆಡುತ್ತಿರುತ್ತೇನೆ.

ಪ್ರಶ್ನೆ: ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದರೆ ಅದನ್ನು ಹೊಡೆದು ತರಬೇಕಾ, ಫೋಟೋ ತೆಗೆದು ತಂದರೆ ಸಾಕಾ? ನೀವು ಫೋಟೋದವರು, ಅದಕ್ಕೇ ಕೇಳಿದೆ.
– ರೈತರು, ಕೆ.ಎಂ. ದೊಡ್ಡಿ

ಉತ್ತರ: ಎರಡೂ ಬೇಡ ಯಜಮಾನ್ರೇ. ಹೊಡೆಯಲು ಹೋದವರಿಗೂ ಕಚ್ಚಿಸಿಕೊಂಡು ಇಬ್ಬರೂ ಒಂದೇ ಆಟೋದಲ್ಲಿ ಬಂದದ್ದನ್ನು ನೋಡಿದ್ದೇನೆ. ಜೊತೆಯಲ್ಲಿ ಇದ್ದವರು ದೂರದಿಂದಲೇ ಮೊಬೈಲಲ್ಲಿ ಒಂದು ತೆಗೆದರೆ ಸರಿ. ಸೋಗೆ ಸರಿಸಿ ಹುಡುಕುತ್ತಾ ಕೂರಬೇಡಿ.

ಯಾಕೆಂದರೆ ನಮ್ಮಲ್ಲಿ ಕೊಡುವ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಫೋಟೋ ಇಲ್ಲದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ರಕ್ತ ತೆಗೆದು ಒಣ ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಿಸದೆ ಇಡುತ್ತೇವೆ. ಆಮೇಲೆ ಬಗ್ಗಿಸಿದಾಗ ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಮಂಡಲದ ವಿಷ ಏರಿದೆ ಅಂತ ಅರ್ಥ. ರೆಪ್ಪೆ ಜೋತುಬಿದ್ದರೆ ಹೆಚ್ಚಾಗಿ ನಾಗರ ಅಥವಾ ಕಟ್ಟುಹಾವು. ಮೈಯೇ ಹೇಳುತ್ತದೆ.

ಕಚ್ಚಿದ ಕಾಲನ್ನು ಅಲುಗಿಸಬೇಡಿ, ಹಗ್ಗ ಬಿಗಿದು ಕಟ್ಟಬೇಡಿ, ಬ್ಲೇಡ್ ಹಾಕಿ ಕುಯ್ಯಬೇಡಿ, ನಾಟಿ ಔಷಧಿಗೆ ಅಂತ ಗಂಟೆ ಕಳೆಯಬೇಡಿ. ಕಾಲುಂಗುರ, ಕಾಲ್ಗೆಜ್ಜೆ ಇದ್ದರೆ ಬಿಚ್ಚಿ, ಊತ ಬರುತ್ತದೆ. ನನ್ನಂಥ ಸಣ್ಣ ಕ್ಲಿನಿಕ್ಕಿಗೂ ಬರಬೇಡಿ. ಸೀದಾ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ದೊಡ್ಡಾಸ್ಪತ್ರೆಗೋ ಹೋಗಿ.

ಪ್ರಶ್ನೆ: ನಿಮ್ಮ ಇಷ್ಟದ ಕವಿ ಯಾರು?
– ಗೃಹಿಣಿ, ಕೃಷ್ಣರಾಜಪೇಟೆ

ಉತ್ತರ: ನಿಮ್ಮ ತಾಲ್ಲೂಕಿನವರೇ. ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ. ಪಕ್ಕದಲ್ಲೇ ಮೇಲುಕೋಟೆಯ ಪು.ತಿ.ನ. ಒಬ್ಬರನ್ನೇ ಆರಿಸು ಅಂದರೆ ಆಗದು. ಮಳೆಗಾಲಕ್ಕೆ ಒಬ್ಬರು, ಬೇಸಿಗೆಗೆ ಒಬ್ಬರು. ಯಾರು ಯಾವುದಕ್ಕೆ ಅಂತ ಹೇಳಿದರೆ ಜಗಳ ಆಗುತ್ತದೆ, ಬೇಡ.

ಪ್ರಶ್ನೆ: ಹಕ್ಕಿ ಫೋಟೋಗೆ ಯಾವ ಕ್ಯಾಮೆರಾ ಕೊಳ್ಳಲಿ? ಕಂತಿನಲ್ಲಿ ಸಿಗುತ್ತದೆ ಅಂತಿದ್ದಾರೆ.
– ಖಾಸಗಿ ಕಂಪನಿ ನೌಕರ, ನಾಗಮಂಗಲ

ಉತ್ತರ: ಮೊದಲು ಒಂದು ಬೈನಾಕ್ಯುಲರ್. 8x42 ಅಂತ ಬರೆದಿರುವುದು ಸಾಕು. ಒಂದು ವರ್ಷ ಅದರಲ್ಲೇ ನೋಡಿ. ಯಾವ ಹಕ್ಕಿ, ಯಾವ ಮರ, ಯಾವ ತಿಂಗಳು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೂ ಆಸೆ ಉಳಿದಿದ್ದರೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಾಡಿ ಕೊಂಡು, ದುಡ್ಡೆಲ್ಲ ಲೆನ್ಸಿಗೆ ಹಾಕಿ. ಕಂತು ಬೇಡ. ಕಂತು ಕಟ್ಟುವವನು ಹಕ್ಕಿ ಬರಲಿ ಅಂತ ಕಾಯುವುದಿಲ್ಲ, ಫೋಟೋ ಬರಲಿ ಅಂತ ಕಾಯುತ್ತಾನೆ.

ಪ್ರಶ್ನೆ: ನನ್ನ ಕವಿತೆಗಳ ಕಟ್ಟು ಹಿಡಿದು ನಿಮ್ಮ ಕ್ಲಿನಿಕ್ಕಿಗೇ ಬರಬಹುದಾ?
– ಓದುಗರು, ತಿ. ನರಸೀಪುರ

ಉತ್ತರ: ಬನ್ನಿ. ಮಂಗಳವಾರ ಬೇಡ, ನಮ್ಮೂರ ಸಂತೆ, ಬೆಂಚಿನಲ್ಲಿ ಜಾಗ ಸಿಗುವುದಿಲ್ಲ. ಬೇರೆ ದಿನ ಬಂದರೂ ಚೀಟಿ ತೆಗೆದುಕೊಂಡು ಕೂರಬೇಕು. ಜ್ವರದ ಮಗು ಬಂದರೆ ನಿಮ್ಮನ್ನು ಹಿಂದೆ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಟ್ಟು ಪೂರ್ತಿ ತರಬೇಡಿ, ನಿಮಗೇ ಬಾಯಿಪಾಠ ಆಗಿರುವ ಎರಡು ಸಾಕು. ಬೆಳಿಗ್ಗೆ ಬಂದು ಬಾಗಿಲು ಹಾಕಿದ್ದರೆ ಪಕ್ಕದ ಟೀ ಅಂಗಡಿಯಲ್ಲಿ ಕೇಳಿ, ನಾಲೆಯ ಯಾವ ತೂಬಿನ ಹತ್ತಿರ ಇದ್ದೇನೆ ಅಂತ ಅವರೇ ಹೇಳುತ್ತಾರೆ. ಫೀಸು ಕವಿತೆಗೆ ಇಲ್ಲ, ಬಿಪಿ ನೋಡಿದರೆ ಉಂಟು.